ನಮ್ಮ ಹೊಳೆಗಳು, ನಮ್ಮ ರಾಜಧಾನಿಗಳು



ನಮ್ಮ ಭಾರತ ಬಹು ದೊಡ್ಡ ದೇಶ. ಇಲ್ಲಿನ ಹಳೆಯ ಪಟ್ಟಣಗಳನ್ನೂ ಪುಣ್ಯನದಿಗಳನ್ನೂ ನೋಡಲು ದೂರದ ದೇಶಗಳಿಂದ ಪ್ರವಾಸಿಗರು ಬರುತ್ತಲೇ ಇದ್ದಾರೆ. ಏಳನೆಯ ಶತಮಾನದಲ್ಲಿ ಚೀನಾದಿಂದ ಬಂದ ಹ್ಯೂಯೆನ್ ತ್ಸಾಂಗ್ ಗಂಗೆಯ ದಂಡೆಯ ಊರುಗಳನ್ನೆಲ್ಲ ಸುತ್ತಿ, ದಕ್ಷಿಣಕ್ಕೂ ಇಳಿದು, ನಮ್ಮ ಇಮ್ಮಡಿ ಪುಲಿಕೇಶಿಯ ರಾಜ್ಯವನ್ನೂ ನೋಡಿ ಹೋದ. ಈ ಪಾಠವನ್ನು ನಾವು ಪ್ರತಿ ವರ್ಷ ಮಾಡುತ್ತೇವೆ. ಗಂಗೆಯ ದಂಡೆಯಲ್ಲಿ ಕಾಶಿ, ಪಾಟಲಿಪುತ್ರ. ಯಮುನೆಯ ದಂಡೆಯಲ್ಲಿ ದೆಹಲಿ, ಆಗ್ರಾ. ತುಂಗಭದ್ರೆಯ ದಂಡೆಯಲ್ಲಿ ಹಂಪಿ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಮರೆಯುತ್ತಾರೆ.

ಒಮ್ಮೆ ಹೀಗೆ ಪಾಠ ನಡೆದಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ, ನಮ್ಮ ಹೊಳಿ ದಂಡಿಗಿ ಯಾವ ರಾಜಧಾನಿನೂ ಇದ್ದಿಲ್ಲೇನ್ರಿ?"

ತರಗತಿ ನಕ್ಕಿತು. ನಮಗೆ ನಗು ಬರಲಿಲ್ಲ. ಏಕೆಂದರೆ ಇದ್ದವು! ಒಂದಲ್ಲ, ಎರಡಲ್ಲ, ಮೂರು. ಅವು ಇರುವುದು ನಮ್ಮ ಊರುಗಳಿಂದ ಕೆಲವೇ ತಾಸಿನ ದಾರಿಯಲ್ಲಿ. ಆದರೂ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಅವು "ಬೇರೆ ರಾಜ್ಯದ" ಊರುಗಳು. ಹೀಗೇಕೆ ಆಯಿತು ಎಂದು ಯೋಚಿಸುತ್ತಾ ನಾವು ಕೆಲವು ಶಿಕ್ಷಕರು ಸೇರಿ, ಮಕ್ಕಳನ್ನು ಕರೆದುಕೊಂಡು, ನಮ್ಮ ಹೊಳೆಗಳ ಜಾಡು ಹಿಡಿದು ಹೊರಟೆವು. ಆ ಸುತ್ತಾಟದಲ್ಲಿ ಕಂಡದ್ದನ್ನೂ ಅದಕ್ಕಾಗಿ ಓದಿದ್ದನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಒಂದೇ ಜಿಲ್ಲೆ ಎರಡಾದದ್ದು

ಮೊದಲು ಗಡಿಯ ಮಾತು. ನಮ್ಮ ಮಕ್ಕಳಲ್ಲಿ ಅನೇಕರು ಈ ಗಡಿ ರಾಜಮಹಾರಾಜರ ಕಾಲದಿಂದಲೂ ಇದೆ ಎಂದು ತಿಳಿದಿದ್ದಾರೆ. ಹಾಗೇನಿಲ್ಲ. ನಮ್ಮ ಊರುಗಳೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. ಆಗಲೂ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ ಜಿಲ್ಲೆಯ ತಾಲೂಕುಗಳೇ. ತಾಂಡೂರು ಮತ್ತು ಕೊಡಂಗಲ್ ಗುಲಬರ್ಗಾ ಜಿಲ್ಲೆಯ ತಾಲೂಕುಗಳು. ನಮ್ಮ ಅಜ್ಜಂದಿರಿಗೆ ಜಿಲ್ಲಾ ಕಚೇರಿಯ ಕೆಲಸ ಎಂದರೆ ಈ ಕಡೆಯವರಿಗೆ ಬೀದರ, ಆ ಕಡೆಯವರಿಗೆ ಗುಲಬರ್ಗಾ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಕಾನೂನು ಬಂತು. ಅದೇ ವರ್ಷ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ ಜಿಲ್ಲೆಯ ಹೆಚ್ಚಿನ ಭಾಗ ಮೈಸೂರಿಗೆ ಸೇರಿತು. ಉದಗೀರ, ನಿಲಂಗಾ, ಅಹಮದಪುರ ತಾಲೂಕುಗಳು ಆಗಿನ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್ ತಾಲೂಕು, ನಾರಾಯಣಖೇಡ ತಾಲೂಕು ಹಾಗೂ ಬೀದರ ತಾಲೂಕಿನ ನ್ಯಾಲಕಲ್ ಸರ್ಕಲ್ ಆಂಧ್ರಪ್ರದೇಶಕ್ಕೆ ಬಂದವು. ತಾಂಡೂರು, ಕೊಡಂಗಲ್ ತಾಲೂಕುಗಳೂ ಆಂಧ್ರಪ್ರದೇಶಕ್ಕೇ ಬಂದವು. ಒಂದು ಸ್ವಾರಸ್ಯ ನೋಡಿ: ಜಹೀರಾಬಾದ್ ತಾಲೂಕಿನಲ್ಲೇ ಇದ್ದ ನಿರ್ಣಾ ಸರ್ಕಲ್ ಅನ್ನು ಮಾತ್ರ ಬಿಡಿಸಿ ಮೈಸೂರಿಗೆ ಕೊಟ್ಟರು. ಹೀಗೆ ಸರ್ಕಲ್ ಸರ್ಕಲ್ ಲೆಕ್ಕದಲ್ಲಿ ಎಳೆದ ಗೆರೆ ಇದು. ಅಕ್ಕ ಒಂದು ರಾಜ್ಯಕ್ಕೆ, ತಂಗಿ ಇನ್ನೊಂದು ರಾಜ್ಯಕ್ಕೆ, ಹೊಲ ಈ ಕಡೆ, ಬಾವಿ ಆ ಕಡೆ ಎನ್ನುವ ಸ್ಥಿತಿ ಬಂತು.

ಮುಂದೆ 2014ರ ಜೂನ್ 2ರಂದು ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಹೊಸ ಜಿಲ್ಲೆಗಳಾದಾಗ ಜಹೀರಾಬಾದ್, ನಾರಾಯಣಖೇಡ ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ್ ಜಿಲ್ಲೆಗೂ ಸೇರಿದವು. ಒಂದೇ ಮನೆಯಲ್ಲಿ ಕುಳಿತು ಅಜ್ಜ ಹೈದರಾಬಾದ್ ರಾಜ್ಯ ಕಂಡ, ಮಗ ಆಂಧ್ರಪ್ರದೇಶ ಕಂಡ, ಮೊಮ್ಮಗ ತೆಲಂಗಾಣ ಕಾಣುತ್ತಿದ್ದಾನೆ. ಮನೆ ಮಾತ್ರ ಇದ್ದಲ್ಲಿಯೇ ಇದೆ!

ಗಡಿ ಕೇಳದ ನೀರು

ಕಾಗದದ ಮೇಲೆ ಗಡಿ ಎಳೆದರು ಸರಿ. ನೀರಿಗೆ ಹೇಳುವವರು ಯಾರು?

ಜಹೀರಾಬಾದ್ ಹತ್ತಿರದ ಕೋಹೀರ್ ಗೊತ್ತಲ್ಲ? ಸೀಬೆಹಣ್ಣಿಗೆ ಹೆಸರಾದ ಊರು. ಆ ಕೆಂಪು ಮಣ್ಣಿನ ಎತ್ತರದ ಸೀಮೆಯಲ್ಲಿ ಕಾರಂಜಾ ನದಿ ಹುಟ್ಟುತ್ತದೆ. ಹುಟ್ಟಿದ ಸ್ವಲ್ಪ ದೂರದಲ್ಲೇ ಗಡಿ ದಾಟಿ ಬೀದರ ಜಿಲ್ಲೆಗೆ ಹೋಗುತ್ತದೆ. ಅಲ್ಲಿ ಭಾಲ್ಕಿ ತಾಲೂಕಿನಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ಮುಂದೆ ಅದು ಮಾಂಜ್ರಾ ನದಿಯನ್ನು ಸೇರುತ್ತದೆ.

ಮಾಂಜ್ರಾ ದೊಡ್ಡ ಹೊಳೆ. ತೆಲುಗಿನಲ್ಲಿ ಮಂಜೀರಾ ಎನ್ನುತ್ತಾರೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟಿ, ಒಟ್ಟು 724 ಕಿಲೋಮೀಟರ್ ಹರಿಯುತ್ತದೆ. ಲಾತೂರು ಸೀಮೆ ದಾಟಿ, ಬೀದರ ಜಿಲ್ಲೆ ದಾಟಿ, ನಮ್ಮ ಕಡೆಗೆ ಬರುತ್ತದೆ. ಒಂದು ದಂಡೆಗೆ ನ್ಯಾಲಕಲ್, ರಾಯಿಕೋಡ್. ಇನ್ನೊಂದು ದಂಡೆಗೆ ನಾರಾಯಣಖೇಡ ಕಡೆಯ ಮನೂರು. ಅಂದರೆ ಕೋಹೀರಿನಲ್ಲಿ ಬಿದ್ದ ಮಳೆಹನಿ ಕರ್ನಾಟಕಕ್ಕೆ ಹೋಗಿ, ಮಾಂಜ್ರಾ ಸೇರಿ, ಮತ್ತೆ ನಮ್ಮ ಮನೆ ಬಾಗಿಲಿಗೇ ತಿರುಗಿ ಬರುತ್ತದೆ! ಇದನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದಾಗ ಮಕ್ಕಳ ಕಣ್ಣು ಅರಳಿದವು.

ಮುಂದೆ ಸಿಂಗೂರು ಜಲಾಶಯ. ಸುಮಾರು 30 ಟಿಎಂಸಿ ನೀರು ಹಿಡಿಯುವ ಈ ಕೆರೆಯಂಥ ಜಲರಾಶಿಯನ್ನು ಕಟ್ಟಿದ್ದು ಮುಖ್ಯವಾಗಿ ಹೈದರಾಬಾದ್ ನಗರದ ಬಾಯಾರಿಕೆಗೆ. ಅಲ್ಲಿಂದ ಕೆಳಗೆ ಸಂಗಾರೆಡ್ಡಿ ಬಳಿ ಮಾಂಜ್ರಾ ಒಮ್ಮೆಗೇ ಉತ್ತರಕ್ಕೆ ತಿರುಗುತ್ತದೆ. ಏಡುಪಾಯಲ ಎಂಬಲ್ಲಿ ಏಳು ಕವಲಾಗಿ ಹರಿಯುತ್ತದೆ. ಅಲ್ಲಿನ ದುರ್ಗಾಭವಾನಿಯ ಜಾತ್ರೆ ನಮ್ಮವರಿಗೆಲ್ಲ ಗೊತ್ತು. ಆಮೇಲೆ 1931ರಲ್ಲಿ ಪೂರ್ಣಗೊಂಡ ನಿಜಾಮಸಾಗರ. ಕೊನೆಗೆ ನಿಜಾಮಾಬಾದ್ ಜಿಲ್ಲೆಯ ಕಂದಕುರ್ತಿಯಲ್ಲಿ ಗೋದಾವರಿಯ ಮಡಿಲು.

ಇನ್ನು ತಾಂಡೂರಿನ ಕಡೆ. ಅಲ್ಲಿನವರು ಕಾಗ್ನಾ ಎನ್ನುತ್ತಾರೆ, ಸೇಡಂ ಕಡೆಯವರು ಕಾಗಿಣಾ ಎನ್ನುತ್ತಾರೆ, ಹೊಳೆ ಒಂದೇ. ವಿಕಾರಾಬಾದ್ ಸುತ್ತಿನ ಗುಡ್ಡಸೀಮೆಯಲ್ಲಿ ಹುಟ್ಟಿ, ತಾಂಡೂರು ದಾಟಿ, ಕಲಬುರಗಿ ಜಿಲ್ಲೆಗೆ ಹೋಗಿ ಭೀಮಾ ನದಿಯನ್ನು ಸೇರುತ್ತದೆ. ಭೀಮಾ ಮುಂದೆ ಕೃಷ್ಣೆಗೆ ಸೇರುತ್ತದೆ. ಅದೇ ವಿಕಾರಾಬಾದಿನ ಅನಂತಗಿರಿ ಬೆಟ್ಟದಲ್ಲಿ ಮೂಸಿ ನದಿಯೂ ಹುಟ್ಟುತ್ತದೆ. ಅದು ಪೂರ್ವಕ್ಕೆ ಹರಿದು ಹೈದರಾಬಾದಿಗೆ ಹೋಗುತ್ತದೆ. ಒಂದೇ ಗುಡ್ಡಸೀಮೆಯ ಒಂದು ನೀರು ರಾಷ್ಟ್ರಕೂಟರ ರಾಜಧಾನಿಗೆ, ಇನ್ನೊಂದು ನೀರು ನಿಜಾಮರ ರಾಜಧಾನಿಗೆ!

ಹೀಗಾಗಿ ನಮ್ಮದು ಎರಡು ಮಹಾನದಿಗಳ ನಡುವಿನ ನೆತ್ತಿಯ ಸೀಮೆ. ಈ ಕಡೆ ಇಳಿದ ನೀರು ಗೋದಾವರಿಗೆ, ಆ ಕಡೆ ಇಳಿದ ನೀರು ಕೃಷ್ಣೆಗೆ. ದಖ್ಖನ್ನಿನ ಅರಸರು ಈ ನೆತ್ತಿಯ ಆಸುಪಾಸಿನಲ್ಲೇ ಒಂದಾದ ಮೇಲೊಂದು ರಾಜಧಾನಿ ಕಟ್ಟಿದರು. ಇಲ್ಲಿ ಗಂಗೆಯಂಥ ತುಂಬು ನದಿ ಇಲ್ಲ. ಬೇಸಿಗೆಯಲ್ಲಿ ಕಾಗಿಣಾ ಬತ್ತುತ್ತದೆ, ಮಾಂಜ್ರಾ ಮರಳಾಗುತ್ತದೆ. ಆದರೆ ಜೋಳ ತೊಗರಿ ಬೆಳೆವ ಕರಿಮಣ್ಣು ಇತ್ತು, ಕೋಟೆಗೆ ಕಲ್ಲು ಇತ್ತು, ಕೊಂಕಣದ ಬಂದರುಗಳಿಂದ ಬರುವ ವ್ಯಾಪಾರದ ದಾರಿ ಇತ್ತು, ದಖ್ಖನ್ನಿನ ನಾಲ್ಕೂ ದಿಕ್ಕಿಗೆ ಸೈನ್ಯ ಕಳಿಸಲು ನಡುವಿನ ಜಾಗ ಇತ್ತು. ನೀರಿನ ಕೊರತೆಯನ್ನು ಕೆರೆ, ಬಾವಿ, ಸುರಂಗಗಳಿಂದ ತುಂಬಿಕೊಂಡರು. ಇದನ್ನು ಕಣ್ಣಾರೆ ಕಾಣಬೇಕೆಂದರೆ ಬೀದರಿಗೆ ಹೋಗಬೇಕು.

ಬೀದರ: ವೋಲ್ಗಾ ದಂಡೆಯಿಂದ ಬಂದವನು

ಜಹೀರಾಬಾದಿನಿಂದ ಬೀದರಿಗೆ ಸುಮಾರು 30 ಕಿಲೋಮೀಟರ್. ಕೆಂಪುಕಲ್ಲಿನ ಎತ್ತರದ ಮೇಲೆ ಊರು, ಕೆಳಗೆ ಉತ್ತರಕ್ಕೆ ಮಾಂಜ್ರಾ ಕಣಿವೆ. ಹದಿನೈದನೆಯ ಶತಮಾನದ ಮೊದಲರ್ಧದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ವಲಿ ಗುಲಬರ್ಗಾದಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಬಂಡೆಯನ್ನೇ ಕೊರೆದು ಮಾಡಿದ ಕೋಟೆಯ ಕಂದಕ ಇಂದಿಗೂ ನಿಂತು ನೋಡುವಂತಿದೆ. ಊರಿನ ಪಕ್ಕದ ನೌಬಾದಿನಲ್ಲಿ ಕರೇಜ್ ಇದೆ. ಜನ ಸುರಂಗ ಬಾವಿ ಎನ್ನುತ್ತಾರೆ. ಪರ್ಷಿಯಾ ದೇಶದ ಪದ್ಧತಿ ಇದು. ನೆಲದೊಳಗೆ ಇಳಿಜಾರಾಗಿ ಕಾಲುವೆ ಕೊರೆದು, ಅಲ್ಲಲ್ಲಿ ಮೇಲಿನಿಂದ ಬಾವಿ ತೋಡಿ, ಪಂಪು ಮೋಟಾರು ಇಲ್ಲದೆ ನೀರು ತಾನಾಗಿ ಹರಿದು ಬರುವಂತೆ ಮಾಡಿದ್ದಾರೆ. ವಿಜ್ಞಾನದ ಮೇಷ್ಟ್ರು ಒಂದು ವಾರ ಪಾಠ ಮಾಡುವಷ್ಟು ವಿಷಯ ಅಲ್ಲಿದೆ.

ಊರ ನಡುವೆ ಮಹಮೂದ್ ಗವಾನನ ಮದರಸಾ. ಗವಾನ ಇರಾನಿನ ಗೀಲಾನ್ ಪ್ರಾಂತದವನು. ವ್ಯಾಪಾರಕ್ಕೆ ಬಂದು ಬಹಮನಿಗಳ ಮಂತ್ರಿಯಾದ. 1472ರಲ್ಲಿ ಈ ಮೂರು ಅಂತಸ್ತಿನ ವಿದ್ಯಾಲಯ ಮುಗಿಯಿತು. ಗೋಡೆಗಳಿಗೆ ಬಣ್ಣಬಣ್ಣದ ಹೆಂಚಿನ ತುಂಡುಗಳ ಅಲಂಕಾರ. ಗ್ರಂಥಾಲಯದಲ್ಲಿ ಮೂರು ಸಾವಿರ ಪುಸ್ತಕಗಳಿದ್ದವೆಂದು ಹೇಳುತ್ತಾರೆ. 1481ರಲ್ಲಿ ವಿರೋಧಿಗಳು ಸುಳ್ಳು ಪತ್ರ ಸೃಷ್ಟಿಸಿದರು, ಸುಲ್ತಾನ ಅದನ್ನು ನಂಬಿ ಗವಾನನ ತಲೆ ತೆಗೆಸಿದ. ಆಮೇಲೆ ಬಹಮನಿ ರಾಜ್ಯವೂ ಹೆಚ್ಚು ದಿನ ಉಳಿಯಲಿಲ್ಲ, ಐದು ತುಂಡಾಯಿತು. 1696ರಲ್ಲಿ ಸಿಡಿಮದ್ದು ಸ್ಫೋಟಗೊಂಡು ಮದರಸಾದ ಒಂದು ಭಾಗ ಹಾರಿಹೋಯಿತು. ಉಳಿದ ಅರ್ಧವೇ ಇಷ್ಟು ಚೆಂದ!

ಗವಾನನ ಕಾಲದ ಬೀದರನ್ನು ಕಣ್ಣಿಂದ ಕಂಡು ಬರೆದಿಟ್ಟವನು ಅಫನಾಸಿ ನಿಕಿತಿನ್. ರಷ್ಯಾದ ತ್ವೇರ್ ಎಂಬ ಊರಿನ ವ್ಯಾಪಾರಿ. ಆ ಊರು ವೋಲ್ಗಾ ನದಿಯ ದಂಡೆಯಲ್ಲಿದೆ. ದಾರಿಯಲ್ಲಿ ದರೋಡೆಕೋರರಿಗೆ ಸರಕು ಕಳೆದುಕೊಂಡರೂ ಹಿಂದಿರುಗದೆ, ಕಡಲು ದಾಟಿ, ಕೊಂಕಣದ ಚೌಲ್ ಬಂದರಿನಲ್ಲಿ ಇಳಿದ. ಕೈಯಲ್ಲಿ ಒಂದು ಕುದುರೆ. ಜುನ್ನರ ಮಾರ್ಗವಾಗಿ ಬೀದರಿಗೆ ಬಂದು ಅದನ್ನು ಮಾರಿದ. ಇದು 1470ರ ಆಸುಪಾಸಿನ ಮಾತು. ವಾಸ್ಕೋ ಡ ಗಾಮಾ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಅವನಿಗಿಂತ ಸುಮಾರು ಮೂವತ್ತು ವರ್ಷ ಮುಂಚೆಯೇ ಒಬ್ಬ ಯುರೋಪಿನವನು ನಮ್ಮ ಮಾಂಜ್ರಾ ಸೀಮೆಯಲ್ಲಿ ಓಡಾಡಿದ್ದ. ಕುದುರೆ ಸಂತೆ ನಡೆಯುವ ಜಾತ್ರೆಯೊಂದಕ್ಕೂ ಅವನು ಹೋಗಿದ್ದ. ಅದು ನಮ್ಮ ಆಳಂದ ಎಂದು ವಿದ್ವಾಂಸರು ಗುರುತಿಸುತ್ತಾರೆ. ಅಮೀರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಸಾಗುತ್ತಿದ್ದುದನ್ನೂ ಹಳ್ಳಿಯ ಜನ ಬಡತನದಲ್ಲಿದ್ದುದನ್ನೂ ಎರಡನ್ನೂ ಬರೆದ. ಪಾಪ, ಹಿಂದಿರುಗುವಾಗ ತನ್ನ ಊರು ತಲುಪುವ ಮುನ್ನವೇ ತೀರಿಕೊಂಡ.

ಕೋಟೆಯ ಬಾಗಿಲಲ್ಲಿ ನಮಗೊಂದು ಅನುಭವವಾಯಿತು. ನಮ್ಮ ಮಕ್ಕಳ ಸಮವಸ್ತ್ರದ ಮೇಲಿನ ಊರ ಹೆಸರು ನೋಡಿ ಅಲ್ಲಿದ್ದವರೊಬ್ಬರು, "ನೀವು ತೆಲಂಗಾಣದವರು, ಕನ್ನಡ ಹೆಂಗ ಬರ್ತದ?" ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಒಬ್ಬ ಹುಡುಗಿಯ ಮುಖ ಸಣ್ಣದಾಯಿತು. ಬಸ್ಸಿನಲ್ಲಿ ಅವಳು ಹೇಳಿದಳು: "ಸರ, ನಮ್ಮ ಕಡೀಗಿ ಹೋದ್ರ ನೀವು ಕರ್ನಾಟಕದವರಾ ಅಂತಾರ. ಇಲ್ಲಿ ಬಂದ್ರ ತೆಲಂಗಾಣದವರಾ ಅಂತಾರ. ನಾವು ಯಾರ್ರಿ ಹಂಗಾರ?" ಗಡಿನಾಡಿನ ಶಿಕ್ಷಕರೆಲ್ಲರಿಗೂ ಈ ಪ್ರಶ್ನೆ ಹೊಸದಲ್ಲ. ಬೀದರಿನಿಂದ ಮುಂದಿನ ಊರಿಗೆ ಹೋಗುವಾಗ ನಮ್ಮ ತಲೆಯಲ್ಲಿ ಈ ಪ್ರಶ್ನೆಯೇ ಸುತ್ತುತ್ತಿತ್ತು.

ಕಲ್ಯಾಣ: ದಾರಿಗಳೆಲ್ಲ ಸೇರಿದ ಊರು

ಬೀದರಿನಿಂದ ಬಸವಕಲ್ಯಾಣ ಸುಮಾರು 80 ಕಿಲೋಮೀಟರ್. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದಲ್ಲಿ ಇದು ರಾಜಧಾನಿಯಾಗಿ ಬೆಳೆಯಿತು. 1076ರಲ್ಲಿ ಪಟ್ಟಕ್ಕೆ ಬಂದ ಆರನೆಯ ವಿಕ್ರಮಾದಿತ್ಯ ತನ್ನದೇ ಶಕೆಯನ್ನು ಆರಂಭಿಸಿ ಐವತ್ತು ವರ್ಷ ಆಳಿದ.

ಅವನ ಆಸ್ಥಾನಕ್ಕೆ ಕಾಶ್ಮೀರದಿಂದ ಬಿಲ್ಹಣ ಎಂಬ ಕವಿ ಬಂದ. ಮಥುರೆ, ಪ್ರಯಾಗ, ಕಾಶಿ, ಸೋಮನಾಥ ಎಲ್ಲ ನೋಡಿಕೊಂಡು, ಇಡೀ ದೇಶ ತಿರುಗಿ, ಕೊನೆಗೆ ನೆಲೆ ನಿಂತದ್ದು ಕಲ್ಯಾಣದಲ್ಲಿ. ತನ್ನ ಅರಸನ ಚರಿತ್ರೆಯನ್ನು 'ವಿಕ್ರಮಾಂಕದೇವ ಚರಿತ'ವೆಂದು ಸಂಸ್ಕೃತದಲ್ಲಿ ಬರೆದ. ಅದೇ ಕಾಲದಲ್ಲಿ ವಿಜ್ಞಾನೇಶ್ವರ 'ಮಿತಾಕ್ಷರ' ಎಂಬ ಧರ್ಮಶಾಸ್ತ್ರದ ವ್ಯಾಖ್ಯಾನ ಬರೆದ. ಬ್ರಿಟಿಷರ ಕಾಲದಲ್ಲೂ ಬಂಗಾಳದ ಕಡೆ ಬಿಟ್ಟು ಉಳಿದ ದೇಶದಲ್ಲಿ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಯ ವ್ಯಾಜ್ಯಗಳಿಗೆ ನ್ಯಾಯಾಲಯಗಳು ಮುಖ್ಯವಾಗಿ ಈ ಗ್ರಂಥವನ್ನೇ ಆಧಾರವಾಗಿ ಹಿಡಿದವು. ನಮ್ಮ ನೆರೆಯ ಊರಿನಲ್ಲಿ ಕುಳಿತು ಬರೆದ ಪುಸ್ತಕ ಏಳೆಂಟು ನೂರು ವರ್ಷ ದೇಶದ ಮನೆಮನೆಯ ಪಾಲು ಹಂಚಿತು!

ಹನ್ನೆರಡನೆಯ ಶತಮಾನದ ಬಸವಣ್ಣನವರ ವಿಷಯ ನಮ್ಮ ಓದುಗರಿಗೆ ನಾವು ಹೇಳಬೇಕಿಲ್ಲ. ಬಳ್ಳಿಗಾವಿಯಿಂದ ಅಲ್ಲಮ, ಉಡುತಡಿಯಿಂದ ಅಕ್ಕಮಹಾದೇವಿ, ಸೊನ್ನಲಿಗೆಯಿಂದ ಸಿದ್ಧರಾಮ ಬಂದು ಸೇರಿದ ಊರು ಇದು. ಇಲ್ಲಿ ಹೊಸ ಅನುಭವ ಮಂಟಪ ಕಟ್ಟಲು 2021ರಲ್ಲಿ ಶಂಕುಸ್ಥಾಪನೆ ಆಯಿತು. ನಾವು ಹೇಳಬೇಕಾದದ್ದು ಬೇರೆಯೇ ಇದೆ. ಬಸವಣ್ಣನವರ ಜೀವನವನ್ನು ದೊಡ್ಡ ಕಾವ್ಯವಾಗಿ ಬರೆದವರು ಯಾರು? ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥ. ಯಾವ ಭಾಷೆಯಲ್ಲಿ? ತೆಲುಗಿನಲ್ಲಿ! ಪಾಲ್ಕುರಿಕೆ ಇರುವುದು ಈಗಿನ ತೆಲಂಗಾಣದ ಜನಗಾಂವ್ ಜಿಲ್ಲೆಯಲ್ಲಿ. ಆ ತೆಲುಗು ಬಸವಪುರಾಣವನ್ನು ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದ. ಕಲ್ಯಾಣದ ಕಥೆ ತೆಲಂಗಾಣಕ್ಕೆ ಹೋಗಿ, ಕಾವ್ಯವಾಗಿ ಕನ್ನಡಕ್ಕೆ ತಿರುಗಿ ಬಂತು. ಕೋಹೀರಿನ ಮಳೆನೀರಿನ ಹಾಗೆಯೇ ಅಲ್ಲವೇ?

ಇಂದಿಗೂ ಆ ಹೆಸರು ಗಡಿ ದಾಟುತ್ತಿದೆ. ನಾರಾಯಣಖೇಡ, ಜಹೀರಾಬಾದ್ ಕಡೆಯ ಹೊಲಗಳಿಗೆ ಸಿಂಗೂರಿನಿಂದ ನೀರೆತ್ತುವ ಎರಡು ಯೋಜನೆಗಳಿಗೆ 2022ರ ಫೆಬ್ರುವರಿಯಲ್ಲಿ ನಾರಾಯಣಖೇಡದಲ್ಲಿ ಶಂಕುಸ್ಥಾಪನೆ ಆಯಿತು. ಒಂದಕ್ಕೆ ಸಂಗಮೇಶ್ವರ ಎಂದು ಹೆಸರು. ಝರಾಸಂಗಮದ ಕೇತಕಿ ಸಂಗಮೇಶ್ವರನ ಗುಡಿಗೆ ಕನ್ನಡ, ತೆಲುಗು, ಮರಾಠಿ ಮಾತಾಡುವ ಭಕ್ತರೆಲ್ಲ ಬರುತ್ತಾರೆ. ಇನ್ನೊಂದು ಯೋಜನೆಯ ಹೆಸರು ಬಸವೇಶ್ವರ.

ಮಳಖೇಡ: ಕಾಗಿಣಾ ದಂಡೆಯ ಮಾನ್ಯಖೇಟ

ತಾಂಡೂರಿನ ಮಕ್ಕಳಿಗೆ ನಾವು ಹೇಳುವುದಿಷ್ಟು: ನಿಮ್ಮೂರ ಸ್ಟೇಷನ್ನಿನಲ್ಲಿ ವಾಡಿ ಕಡೆಯ ರೈಲು ಹತ್ತಿ. ಸಿಕಂದರಾಬಾದಿನಿಂದ ವಾಡಿಗೆ ನಿಜಾಮರ ಕಾಲದಲ್ಲಿ, 1874ರಲ್ಲಿ, ಹಾಕಿದ ಹಳೆಯ ಮಾರ್ಗ ಅದು. ಸೇಡಂ ದಾಟಿದ ಮೇಲೆ ಮಳಖೇಡ ರೋಡ್ ಸ್ಟೇಷನ್. ರೈಲು ನಿಲ್ಲುವುದನ್ನು ಮೊದಲೇ ವಿಚಾರಿಸಿಕೊಳ್ಳಿ. ನಿಮ್ಮೂರಿನ ಕಾಗ್ನಾ ನೀರೂ ಆ ಕಡೆಗೇ ಹರಿದು ಹೋಗುತ್ತದೆ.

ಇಂದಿನ ಮಳಖೇಡ ನೋಡಿದರೆ ಸಾಮಾನ್ಯ ಹಳ್ಳಿ. ಹೊಳೆದಂಡೆಗೆ ಹಳೆಯ ಕೋಟೆ, ನೇಮಿನಾಥ ಬಸದಿ, ಉತ್ತರಾದಿ ಮಠದ ಜಯತೀರ್ಥರ ವೃಂದಾವನ, ಸಮೀಪದಲ್ಲಿ ಸಿಮೆಂಟ್ ಕಾರ್ಖಾನೆ. ಆದರೆ ಒಂಬತ್ತನೆಯ ಶತಮಾನದಲ್ಲಿ ಇದು ಮಾನ್ಯಖೇಟ. ಅಮೋಘವರ್ಷ ನೃಪತುಂಗ 814ರಿಂದ 878ರವರೆಗೆ, ಅರವತ್ತಕ್ಕೂ ಹೆಚ್ಚು ವರ್ಷ, ಆಳಿದ ರಾಜಧಾನಿ. 851ರ ಸುಮಾರಿನ ಅರಬ್ ವರ್ತಕ ಸುಲೈಮಾನನ ಬರಹದಲ್ಲಿ ಜಗತ್ತಿನ ನಾಲ್ವರು ದೊಡ್ಡ ಅರಸರ ಪಟ್ಟಿ ಇದೆ: ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ದೊರೆ, ನಾಲ್ಕನೆಯವನು ಬಲ್ಹರಾ. ಬಲ್ಹರಾ ಎಂದರೆ ವಲ್ಲಭರಾಜ, ನಮ್ಮ ರಾಷ್ಟ್ರಕೂಟ ಅರಸ. ಚೀನಾದ ಚಕ್ರವರ್ತಿಯ ಸಾಲಿನಲ್ಲಿ ಕಾಗಿಣಾ ದಂಡೆಯ ದೊರೆ!

ನೃಪತುಂಗನ ಆಸ್ಥಾನದಲ್ಲೇ ಶ್ರೀವಿಜಯ 'ಕವಿರಾಜಮಾರ್ಗ'ವನ್ನು ರಚಿಸಿದ. ಇಂದು ನಮಗೆ ದೊರೆತಿರುವ ಕನ್ನಡದ ಅತ್ಯಂತ ಹಳೆಯ ಗ್ರಂಥ ಅದು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಅದರಲ್ಲಿ ಹೇಳಿದೆ. ಈ ಮಾತನ್ನು ಭಾಷಣಗಳಲ್ಲಿ ಬಹಳ ಕೇಳಿದ್ದೇವೆ. ನಮ್ಮ ಮಾಂಜ್ರಾ ಸೇರುವುದು ಆ ಗೋದಾವರಿಯನ್ನೇ. ಆದರೆ ನಾವು ಮಕ್ಕಳಿಗೆ ಹೇಳಿದ್ದು, ಇದನ್ನು ಇಂದಿನ ಗಡಿ ಜಗಳಕ್ಕೆ ಆಯುಧ ಮಾಡಿಕೊಳ್ಳಬೇಡಿ ಎಂದು. ಅದು ಭಾಷೆ ಹಬ್ಬಿದ ನೆಲದ ಮಾತು, ತಹಸೀಲ್ದಾರರ ನಕಾಶೆಯ ಮಾತಲ್ಲ. ಅದೇ ನೆಲದ ಮೇಲೆ ಬೇರೆ ಭಾಷೆಗಳೂ ಬಾಳಿದ್ದವು. ಮಾನ್ಯಖೇಟದಲ್ಲೇ ಹತ್ತನೆಯ ಶತಮಾನದಲ್ಲಿ ಪುಷ್ಪದಂತ ಎಂಬ ಜೈನ ಕವಿ ಅಪಭ್ರಂಶ ಭಾಷೆಯಲ್ಲಿ ಮಹಾಪುರಾಣ ಬರೆದ. ಸಂಸ್ಕೃತದ ಪಂಡಿತರೂ ಇದ್ದರು. ಕನ್ನಡ ಅಲ್ಲಿ ಒಂಟಿಯಾಗಿ ಬೆಳೆಯಲಿಲ್ಲ.

ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಕನ್ನಡದ ತಿರುಳು ಇರುವ ಸೀಮೆ ಯಾವುದೆಂದು ನಾಲ್ಕು ಊರು ಹೆಸರಿಸುತ್ತಾನೆ: ಕಿಸುವೊಳಲು ಅಂದರೆ ಪಟ್ಟದಕಲ್ಲು, ಕೊಪಣ ಅಂದರೆ ಕೊಪ್ಪಳ, ಪುಲಿಗೆರೆ ಅಂದರೆ ಲಕ್ಷ್ಮೇಶ್ವರ, ಮತ್ತು ಒಕ್ಕುಂದ. ಗಮನಿಸಿ, ಆ ಪಟ್ಟಿಯಲ್ಲಿ ರಾಜಧಾನಿ ಮಾನ್ಯಖೇಟವೇ ಇಲ್ಲ! ನಮ್ಮ ಮಕ್ಕಳು ತಾಲೂಕು ದಾಟಿ ಓದಲು ಹೋದಾಗ "ನಿಮ್ಮ ಕನ್ನಡ ಶುದ್ಧ ಇಲ್ಲ, ಉರ್ದು ತೆಲುಗು ಬೆರೆತದೆ" ಎಂಬ ಮಾತು ಕೇಳಿ ಬಾಯಿ ಮುಚ್ಚಿ ಕೂರುತ್ತಾರೆ. ಅವರಿಗೆ ನಾವು ಈಗ ಧೈರ್ಯವಾಗಿ ಹೇಳುತ್ತೇವೆ: ಮಗಾ, ಕನ್ನಡದ ಮೊದಲ ಪುಸ್ತಕ ಹುಟ್ಟಿದ ಊರೇ ತಿರುಳ್ಗನ್ನಡದ ಊರಲ್ಲ. ಅಂಚಿನಲ್ಲಿ ಕುಳಿತವರೇ ಆ ಪುಸ್ತಕ ಬರೆದರು. ನಾಲ್ಕು ಭಾಷೆ ಕಿವಿಗೆ ಬೀಳುವ ಕಡೆಯೇ 'ನಮ್ಮ ಭಾಷೆ ಯಾವುದು, ಹೇಗಿದೆ' ಎಂಬ ಪ್ರಶ್ನೆ ಏಳುತ್ತದೆ.

972ರಲ್ಲಿ ಮಾಳವದ ಪರಮಾರ ಅರಸ ಸೀಯಕ ದಂಡೆತ್ತಿ ಬಂದು ಮಾನ್ಯಖೇಟವನ್ನು ಸೂರೆ ಮಾಡಿದ. ಮರುವರ್ಷವೇ ಚಾಲುಕ್ಯ ತೈಲಪ ರಾಷ್ಟ್ರಕೂಟರ ಆಳ್ವಿಕೆಯನ್ನು ಕೊನೆಗಾಣಿಸಿದ. ಅವನ ವಂಶದವರೇ ಮುಂದೆ ಕಲ್ಯಾಣಕ್ಕೆ ಹೋದರು.

ಕೋಟೆಯ ಗೋಡೆ ಮುಟ್ಟಿ ನೋಡಿದ ತಾಂಡೂರಿನ ಹುಡುಗನೊಬ್ಬ, "ಸರ, ಇದು ನಮ್ಮ ಊರಿನ ಫರ್ಸಿ ಕಲ್ಲೇ ಅದ!" ಎಂದ. ಅವನ ಮಾತು ನಿಜ. ನಾವು ತಾಂಡೂರು ಕಲ್ಲು ಎನ್ನುತ್ತೇವೆ, ಅವರು ಶಹಾಬಾದ್ ಕಲ್ಲು ಎನ್ನುತ್ತಾರೆ. ನೆಲದ ಕೆಳಗೆ ಒಂದೇ ಸುಣ್ಣಕಲ್ಲಿನ ಹಾಸು. ಎರಡೂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದು ಅದಕ್ಕೇ. ತೊಗರಿಯೂ ಹಾಗೆಯೇ. ಕಲಬುರಗಿ ತೊಗರಿಗೆ 2019ರಲ್ಲಿ, ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂತು. ಮಾನ್ಯತೆ ಎರಡು, ಬೇಳೆಯ ರುಚಿ ಕೇಳಿದರೆ ನಮ್ಮ ಅವ್ವಂದಿರು ನಗುತ್ತಾರೆ.

ಆದಿಕವಿ ನಮ್ಮ ರಾಜ್ಯದಲ್ಲಿದ್ದ

ಇಷ್ಟೆಲ್ಲ ನೋಡಿ ಬಂದ ಮೇಲೆ ನಮ್ಮ ಮಕ್ಕಳಿಗೆ ಒಂದು ಕೊರಗು: ಒಳ್ಳೆಯದೆಲ್ಲ ಗಡಿಯ ಆ ಕಡೆಗೇ ಇದೆಯಲ್ಲ! ಹಾಗೂ ಅಲ್ಲ. ಕನ್ನಡದ ಆದಿಕವಿ ಪಂಪ 'ವಿಕ್ರಮಾರ್ಜುನ ವಿಜಯ'ವನ್ನು 941ರ ಹೊತ್ತಿಗೆ ರಚಿಸಿದ್ದು ವೇಮುಲವಾಡದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿ. ಆ ವೇಮುಲವಾಡ ಇರುವುದು ಇದೇ ತೆಲಂಗಾಣದ ರಾಜಣ್ಣ ಸಿರಿಸಿಲ್ಲ ಜಿಲ್ಲೆಯಲ್ಲಿ. ಶಿವರಾತ್ರಿಗೆ ಜನ ರಾಜಣ್ಣನ ದರ್ಶನಕ್ಕೆ ಹೋಗುವ ಊರೇ ಅದು!

ಅಲ್ಲಿಗೆ ಸಮೀಪದ ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬೊಮ್ಮಲಮ್ಮ ಗುಟ್ಟದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಒಂದು ಶಾಸನ ಬರೆಸಿದ್ದಾನೆ. ಪಂಪನ ಮನೆತನದ ವಿವರ ನಮಗೆ ತಿಳಿದದ್ದು ಅದರಿಂದ. ಆ ಶಾಸನ ಕನ್ನಡ, ಸಂಸ್ಕೃತ, ತೆಲುಗು ಮೂರು ಭಾಷೆಗಳಲ್ಲಿದೆ. ತೆಲುಗು ವಿದ್ವಾಂಸರಿಗೆ ಅದರಲ್ಲಿನ ಕಂದ ಪದ್ಯಗಳು ಬಹಳ ಹಳೆಯವೆಂದು ಅಮೂಲ್ಯ. ಕನ್ನಡ ವಿದ್ವಾಂಸರಿಗೆ ಪಂಪನ ಕಾರಣಕ್ಕೆ ಅಮೂಲ್ಯ. ಒಂದೇ ಬಂಡೆ, ಇಬ್ಬರಿಗೂ ಬೇಕಾದದ್ದು.

ಬಸ್ಸಿನಲ್ಲಿ "ನಾವು ಯಾರು?" ಎಂದು ಕೇಳಿದ ಹುಡುಗಿಗೆ ನಾವು ಕೊಡಬೇಕಾದ ಉತ್ತರ ಆ ಬಂಡೆಯ ಮೇಲಿದೆ. ಪಂಪನ ತಮ್ಮನಿಗೆ ಮೂರು ಭಾಷೆಯಲ್ಲಿ ಬರೆಸುವುದು ಕೊರತೆ ಎನಿಸಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ತೆಲುಗು ಕಲಿತು, ಸಂತೆಯಲ್ಲಿ ಉರ್ದು ಆಡುವ ನಮ್ಮ ಮಗುವೂ ಯಾರಿಗೂ ಕಡಿಮ�ೆಯಲ್ಲ.

ಶಿಕ್ಷಕ ಬಂಧುಗಳಲ್ಲಿ ಒಂದು ಮನವಿ

ಇತಿಹಾಸದ ಪಾಠ ರಾಜ್ಯದ ಗೆರೆಗೆ ನಿಂತುಬಿಡುತ್ತದೆ. ಅಲ್ಲಿನ ಪುಸ್ತಕದಲ್ಲಿ ಮಳಖೇಡ, ಕಲ್ಯಾಣ ಇವೆ, ಜಹೀರಾಬಾದ್ ಇಲ್ಲ. ಇಲ್ಲಿನ ಪುಸ್ತಕದಲ್ಲಿ ಗೋಲ್ಕೊಂಡ, ವರಂಗಲ್ ವಿವರವಾಗಿ ಇವೆ. ಅವನ್ನೂ ನಮ್ಮ ಮಕ್ಕಳು ಪ್ರೀತಿಯಿಂದ ಓದಬೇಕು. ಆದರೆ ಎರಡರ ನಡುವೆ ಇರುವ ನಮ್ಮ ಊರು ಎರಡರಲ್ಲೂ ಬಿಟ್ಟುಹೋಗುತ್ತದೆ. ಪುಸ್ತಕ ಬರುವವರೆಗೆ ಕಾಯುತ್ತಾ ಕೂರಬೇಕಿಲ್ಲ. ಆ ಖಾಲಿ ಜಾಗ ತುಂಬಲು ನಮ್ಮ ಕೈಲಾದದ್ದು ಇಷ್ಟು:

ಒಂದು, ಪ್ರತಿ ಕನ್ನಡ ಶಾಲೆಯ ಗೋಡೆಯ ಮೇಲೆ ಮಾಂಜ್ರಾ, ಕಾರಂಜಾ, ಕಾಗಿಣಾ ಹರಿಯುವ ನಕಾಶೆ ಬರೆಸೋಣ. ಮೊದಲು ನದಿ ಬರೆಯಿರಿ, ಆಮೇಲೆ ಊರು, ಕೊನೆಗೆ ರಾಜ್ಯಗಳ ಗಡಿ. ಆ ಕ್ರಮದಲ್ಲಿ ಬರೆದರೆ ಮಕ್ಕಳಿಗೆ ತಾನಾಗಿ ಅರ್ಥವಾಗುತ್ತದೆ.

ಎರಡು, ವರ್ಷಕ್ಕೊಮ್ಮೆ ಒಂದೇ ದಿನದ ಪ್ರವಾಸ ಸಾಕು. ಜಹೀರಾಬಾದ್, ನಾರಾಯಣಖೇಡದವರು ಬೀದರಿಗೆ, ತಾಂಡೂರಿನವರು ಮಳಖೇಡಕ್ಕೆ. ದೂರದ ಊರಿಗೆ ರಾತ್ರಿಯೆಲ್ಲ ಬಸ್ಸಿನಲ್ಲಿ ಹೋಗಿ ಬರುವ ಖರ್ಚಿಲ್ಲ. ಮಳೆಗಾಲದಲ್ಲಿ ಕಾಗಿಣಾ ಸೇತುವೆಯ ಮೇಲೆ ನೀರು ಬರುವುದುಂಟು, ಹಾಗಾಗಿ ನವೆಂಬರ್ ನಂತರ ಹೊರಡಿ.

ಮೂರು, ಮನೆಯ ಹಿರಿಯರಿಂದ 1956ರ ನೆನಪುಗಳನ್ನು ಮಕ್ಕಳು ಬರೆದುಕೊಂಡು ಬರಲಿ. ಆ ಕಾಲ ಕಂಡವರು ಈಗ ಬಹಳ ಕಡಿಮೆ ಜನ ಉಳಿದಿದ್ದಾರೆ. ಇದು ತಡಮಾಡುವ ಕೆಲಸವಲ್ಲ.

ಪಾಲಕರಿಗೂ ಒಂದು ಮಾತು. ಕನ್ನಡ ಮಾಧ್ಯಮಕ್ಕೆ ಹಾಕಿದರೆ ಮುಂದೇನು ಎಂದು ನೀವು ಕೇಳುವುದು ತಪ್ಪಲ್ಲ. ನಮ್ಮ ಶಾಲೆಗಳ ಹಾಜರಿ ಪುಸ್ತಕ ತೆಳ್ಳಗಾಗುತ್ತಿರುವುದು ನಮಗೂ ಗೊತ್ತು. ನೌಕರಿಯ ಭರವಸೆ ಕೊಡಲು ನಮ್ಮಿಂದ ಆಗದು. ಆದರೆ ತಾನು ನಿಂತ ನೆಲ ಎಂಥದ್ದು ಎಂದು ತಿಳಿದ ಮಗು ಎಲ್ಲಿಗೆ ಹೋದರೂ ತಲೆ ತಗ್ಗಿಸುವುದಿಲ್ಲ. ಅಷ್ಟನ್ನು ನಾವು ಖಂಡಿತ ಕೊಡಬಲ್ಲೆವು.

ತಿರುಗಿ ಬರುವಾಗ ಮಾಂಜ್ರಾ ಸೇತುವೆಯ ಬಳಿ ಬಸ್ಸು ನಿಲ್ಲಿಸಿದೆವು. ಹಿಂದಿನ ಬೆಂಚಿನ ಆ ಹುಡುಗ ನೀರು ನೋಡುತ್ತಾ ನಿಂತಿದ್ದ. "ಏನೋ, ನಿನ್ನ ಹೊಳಿ ದಂಡಿಗಿ ರಾಜಧಾನಿ ಸಿಕ್ಕಿತೇನು?" ಎಂದು ಕೇಳಿದೆವು. "ಸಿಕ್ಕಾವ್ರಿ ಸರ. ಇನ್ನ ಕಂದಕುರ್ತಿಗಿ ಯಾವಾಗ ಹೋಗೋದ್ರಿ?" ಎಂದ.

ಮುಂದಿನ ವರ್ಷ ಹೋಗಬೇಕು ಎಂದುಕೊಂಡಿದ್ದೇವೆ. ನೀವೂ ನಿಮ್ಮ ಮಕ್ಕಳೊಂದಿಗೆ ಬನ್ನಿ.